ಕಿರುಬೆರಳಿನ ಕೆಲಸ

ಹೊಸೂರಿನಲ್ಲಿ, ಬಾಗಲೂರಿನ ಕಡೆಗೆ ಹೋಗುವ ರಸ್ತೆಗೆ ಹತ್ತಿರದಲ್ಲಿ, ಒಂದು ಬ್ಯಾಟರಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸಿದೆ. ಸುತ್ತಲಿನ ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಬರೆದುಕೊಡುವುದು ನಮ್ಮ ಕೆಲಸ. ಯಾವ ಶಿಫ್ಟಿನಲ್ಲಿ ಎಷ್ಟು ಬಿಡಿಭಾಗ ತಯಾರಾಯಿತು, ಯಾವ ಯಂತ್ರ ಯಾಕೆ ನಿಂತಿತು ಎಂದು ಪರದೆಯ ಮೇಲೆ ತೋರಿಸುವ ಪ್ರೋಗ್ರಾಮುಗಳು. ಕಂಪನಿ ಚಿಕ್ಕದು. ಒಂದೇ ಹಾಲಿನಲ್ಲಿ ಎಲ್ಲರೂ ಕೂರುತ್ತೇವೆ. ಸಂಜೆಯ ಟೀ ಬಂದಾಗ ಲೋಟ ಹಿಡಿದುಕೊಂಡು ಟೆರೇಸಿಗೆ ಹೋಗುತ್ತೇವೆ. ಆ ಟೆರೇಸಿನ ಮೇಲೆ ನಾವು ಒಬ್ಬರಿಗೊಬ್ಬರು ಕೊಟ್ಟುಕೊಂಡಷ್ಟು ಸಲಹೆಗಳನ್ನು ಬೇರೆಲ್ಲೂ ಯಾರೂ ಕೊಟ್ಟಿರಲಾರರು.

ಮೂವರು ಇದರಲ್ಲಿ ಮುಂದೆ. ಒಬ್ಬರು ದಿನವೂ ಕೃಷ್ಣಗಿರಿಯಿಂದ ಬಸ್ಸಿನಲ್ಲಿ ಬರುವ ಹಿರಿಯರು. ತಮಿಳು ಮನೆಮಾತು, ಕನ್ನಡವನ್ನು ನಮ್ಮ ಜೊತೆ ಸೇರಿ ಕಲಿತವರು. ನಾವೆಲ್ಲ ಅವರನ್ನು ಅಣ್ಣ ಎಂದೇ ಕರೆಯುವುದು. ಕೋಡ್ ಬರೆಯುವ ಎಡಿಟರಿನಲ್ಲಿ ಏನೇ ತೊಡಕಾದರೂ ಅವರ ಹತ್ತಿರ ಒಂದು ಉಪಾಯವಿರುತ್ತಿತ್ತು. ಎರಡನೆಯವಳು ನನ್ನ ಪಕ್ಕದ ಕುರ್ಚಿಯ ಗೆಳತಿ. ನನಗಿಂತ ತುಂಬ ಚಿಕ್ಕವಳು, ಬೆಳಗ್ಗೆ ಜಿಮ್ಮಿಗೆ ಹೋಗಿ ಅಲ್ಲಿಂದ ನೇರವಾಗಿ ಆಫೀಸಿಗೆ ಬರುತ್ತಿದ್ದಳು. ಬೆನ್ನು, ಕುತ್ತಿಗೆ, ಸೊಂಟ, ಯಾವುದು ಹಿಡಿದುಕೊಂಡರೂ ಅವಳನ್ನು ಕೇಳುವುದು. ಮೂರನೆಯವಳು ನಾನು. ನನ್ನದು ಮನೆ ರಿಪೇರಿ.

ನನ್ನ ತವರು ಬಾಗಲೂರಿನ ಆಚೆ, ಗಡಿಗೆ ಅಂಟಿಕೊಂಡ ಹಳ್ಳಿ. ಅಪ್ಪ ಬೇಸಾಯದ ಜೊತೆಗೆ ಊರಿನವರ ಪಂಪ್‌ಸೆಟ್ಟುಗಳನ್ನೂ ರಿಪೇರಿ ಮಾಡುತ್ತಿದ್ದರು. ಸ್ಪ್ಯಾನರ್ ಹಿಡಿಯುವುದನ್ನು ನಾನು ಅವರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕಲಿತೆ. ಮದುವೆಯಾಗಿ ಅವಲಪಲ್ಲಿಗೆ ಬಂದ ಮೇಲೆ ನಮ್ಮ ಮನೆಗೆ ಪ್ಲಂಬರ್ ಬಂದದ್ದು ಅಪರೂಪ. ನಲ್ಲಿಯ ವಾಷರ್, ಮಿಕ್ಸಿಯ ಕಪ್ಲರ್, ಸ್ವಿಚ್ ಬೋರ್ಡು, ಎಲ್ಲ ನಾನೇ. ಯಜಮಾನರು ಕಾರ್ಖಾನೆಯಲ್ಲಿ ದಿನವಿಡೀ ಯಂತ್ರದ ಜೊತೆ ಇದ್ದು ಬಂದು, "ಮನೇಲೂ ಸ್ಪ್ಯಾನರ್ ಹಿಡಿ ಅಂದ್ರೆ ನಂಗಾಗಲ್ಲ ಕಣೇ" ಎಂದು ಕೈ ತೊಳೆದುಕೊಂಡಿದ್ದರು. ನನಗೂ ಅದೇ ಬೇಕಾಗಿತ್ತು. ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಸೋರುವ ನಲ್ಲಿಯ ಫೋಟೋ ಹಾಕಿದರೆ ಉತ್ತರ ಬರೆಯುವಾಗ ನನಗೆ ಒಂದು ಹೆಮ್ಮೆ ಇರುತ್ತಿತ್ತು.

ತೊಂದರೆ ಶುರುವಾದದ್ದು ಬಲಗೈಯ ಕಿರುಬೆರಳಿನಲ್ಲಿ. ಬೆಳಗ್ಗೆ ಎದ್ದಾಗ ಅದೂ ಅದರ ಪಕ್ಕದ ಉಂಗುರದ ಬೆರಳೂ ಜೋಮು ಹಿಡಿದಿರುತ್ತಿದ್ದವು. ಕೈ ಕೊಡವಿದರೆ ಸರಿಹೋಗುತ್ತಿತ್ತು. ಆಮೇಲಾಮೇಲೆ ಕೊಡವಿದರೂ ಪೂರ್ತಿ ಹೋಗದಾಯಿತು. ಪ್ರೋಗ್ರಾಮ್ ಬರೆಯುವವರಿಗೆ ಬಲಗೈ ಕಿರುಬೆರಳು ಎಷ್ಟು ಮುಖ್ಯ ಎಂದು ಅಲ್ಲಿಯವರೆಗೆ ನಾನು ಯೋಚಿಸಿರಲಿಲ್ಲ. ಸಾಲು ಮುಗಿಸುವ ಎಂಟರ್ ಅದರದು, ತಪ್ಪನ್ನು ಅಳಿಸುವ ಬ್ಯಾಕ್‌ಸ್ಪೇಸ್ ಅದರದು, ಆವರಣ ಚಿಹ್ನೆಗಳು, ಅರ್ಧವಿರಾಮ, ಎಲ್ಲ ಅದರದೇ. ಬೆರಳು ಒತ್ತಿದೆ ಎಂದು ನಾನು ಅಂದುಕೊಂಡಿರುತ್ತಿದ್ದೆ, ಪರದೆಯ ಮೇಲೆ ಏನೂ ಆಗಿರುತ್ತಿರಲಿಲ್ಲ.

ಟೆರೇಸಿನ ಮೇಲೆ ಹೇಳಿದೆ. ಎಲ್ಲರೂ ಪ್ರೀತಿಯಿಂದಲೇ ಮುಗಿಬಿದ್ದರು.

ಅಣ್ಣ ಆ ಸಂಜೆಯೇ ನನ್ನ ಕಂಪ್ಯೂಟರಿನ ಮುಂದೆ ಕೂತರು. "ಇಲ್ಲಿ ನೋಡಮ್ಮಾ, ಎಂಟರ್ ಕೀನ ಹೆಬ್ಬೆರಳಿಗೆ ತಂದ್ಬಿಡಾಣ. ಬ್ಯಾಕ್‌ಸ್ಪೇಸ್ ಎಡಗೈಗೆ ಕೊಡಾಣ. ರೊಂಬ ಸುಲಭ" ಎಂದು ಕೀಗಳ ಜಾಗವನ್ನೇ ಬದಲಾಯಿಸಿಕೊಟ್ಟರು. ಪದ ಅರ್ಧ ಬರೆದರೆ ಉಳಿದದ್ದನ್ನು ತಾನೇ ತುಂಬುವ ಸೌಕರ್ಯವನ್ನು ಎಡಿಟರಿಗೆ ಜೋಡಿಸಿದರು. ಕೆಲವು ದಿನ ತಡವರಿಸಿದೆ, ಆಮೇಲೆ ರೂಢಿಯಾಯಿತು. ಎಷ್ಟು ರೂಢಿಯಾಯಿತೆಂದರೆ, ಆ ಬೆರಳು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ತಿಳಿಯುವ ದಾರಿಯೇ ಮುಚ್ಚಿಹೋಯಿತು.

ಪಕ್ಕದ ಗೆಳತಿ ನನಗೆ ಮಣಿಕಟ್ಟಿಗೆ ಹಾಕುವ ಪಟ್ಟಿ ತಂದುಕೊಟ್ಟಳು. "ಅಕ್ಕ, ನಿಮ್ಗೆ ತೋಳಲ್ಲಿ ಬಲ ಇಲ್ಲ, ಅದ್ಕೇ ಎಲ್ಲ ಭಾರ ಮಣಿಕಟ್ಟಿಗೆ ಬೀಳ್ತೈತೆ. ತೋಳು ಗಟ್ಟಿ ಮಾಡ್ಕೊಂಡ್ರೆ ತಾನೇ ಹೋಯ್ತದೆ" ಎಂದಳು. ಮೊಣಕೈಗಳನ್ನು ನೆಲಕ್ಕೆ ಊರಿ, ಮೈಯನ್ನು ಹಲಗೆಯ ಹಾಗೆ ನೇರ ಮಾಡಿ ನಿಲ್ಲುವ ಪ್ಲಾಂಕ್ ಎಂಬ ವ್ಯಾಯಾಮವನ್ನು ಮೀಟಿಂಗ್ ರೂಮಿನ ಬಾಗಿಲು ಹಾಕಿ ನನಗೆ ಹೇಳಿಕೊಟ್ಟಳು. ಸಣ್ಣ ಡಂಬೆಲ್ ಎತ್ತುವುದನ್ನು ಹೇಳಿಕೊಟ್ಟಳು. ನನ್ನ ಜೊತೆ ತಾನೂ ಚಾಪೆ ಹಾಸಿ ಮಾಡುತ್ತಿದ್ದಳು. ನಾನು ಒಂದು ದಿನವೂ ತಪ್ಪಿಸಲಿಲ್ಲ. ತೋಳು ನಿಜವಾಗಿಯೂ ಗಟ್ಟಿಯಾಯಿತು. ಬೆರಳುಗಳು ಮಾತ್ರ ನನ್ನ ಹಿಡಿತದಿಂದ ದೂರ ಹೋಗುತ್ತಲೇ ಇದ್ದವು.

ಕ್ಲಿಪ್ಪು ಒತ್ತಿ ಬಟ್ಟೆ ಒಣಹಾಕಲು ಆಗುತ್ತಿರಲಿಲ್ಲ, ಎಡಗೈ ಬಳಸುತ್ತಿದ್ದೆ. ಸ್ಕೂಟರಿನ ಕೀ ತಿರುಗಿಸಲು ಎರಡು ಕೈ ಬೇಕಾಗುತ್ತಿತ್ತು. ಮುದ್ದೆ ಮುರಿಯುವಾಗ ಕಿರುಬೆರಳು ಒಂದು ಕಡೆ ಸೆಟೆದು ನಿಲ್ಲುತ್ತಿತ್ತು. ಯಜಮಾನರು ಅದನ್ನು ನೋಡಿ, "ಏನೇ ಅದು, ರಾಣಿ ಥರ ಊಟ ಮಾಡ್ತಿದ್ದೀಯ" ಎಂದು ನಕ್ಕರು. ನಾನೂ ನಕ್ಕೆ. ವೈದ್ಯರ ಹತ್ತಿರ ಹೋಗಬೇಕೆಂದು ಒಳಗೆ ಅನ್ನಿಸುತ್ತಲೇ ಇತ್ತು. ಆದರೆ ಆಗ ಒಂದು ಕಾರ್ಖಾನೆಗೆ ಹೊಸ ಪ್ರೋಗ್ರಾಮ್ ಅಳವಡಿಸುವ ಕೆಲಸ ನಡೆದಿತ್ತು, ಮೇಲಾಗಿ ಇಷ್ಟು ಜನ ಹೇಳಿದ್ದನ್ನೆಲ್ಲ ಮಾಡುತ್ತಿದ್ದೇನಲ್ಲ ಎಂಬ ಸಮಾಧಾನವೂ ಇತ್ತು.

ಒಂದು ಭಾನುವಾರ ಅಡುಗೆಮನೆಯ ಸಿಂಕಿನ ಕೆಳಗಿನ ನಲ್ಲಿ ತೊಟ್ಟಿಕ್ಕತೊಡಗಿತು. ಯಜಮಾನರು ಬೆಳಗಿನ ಶಿಫ್ಟಿಗೆ ಹೋಗಿದ್ದರು. ಮನೆಯಲ್ಲಿ ಅತ್ತೆ ಮತ್ತು ನಾನು. ಹೊಸ ನಲ್ಲಿ ತಂದು, ಟೆರೇಸಿಗೆ ಹೋಗಿ ಟ್ಯಾಂಕಿನ ವಾಲ್ವ್ ಮುಚ್ಚಿ ಬಂದು, ಹಳೆಯದನ್ನು ಬಿಚ್ಚಿದೆ. ಅದು ತುಕ್ಕು ಹಿಡಿದು ಸಡಿಲವಾಗಿತ್ತು, ಸುಲಭವಾಗಿ ಬಂತು. ಹೊಸದಕ್ಕೆ ಬಿಳಿ ಟೇಪು ಸುತ್ತಿ ಸ್ಪ್ಯಾನರಿನಿಂದ ಬಿಗಿದೆ. ಬಿಗಿಯಾಯಿತು ಎಂದೇ ನನಗೆ ಅನ್ನಿಸಿತು. ಮೇಲೆ ಹೋಗಿ ವಾಲ್ವ್ ತೆರೆದೆ.

ಕೆಳಗಿನಿಂದ ಅತ್ತೆಯ ದನಿ ಕೇಳಿಸಿತು. "ನೀರು ಕಣಮ್ಮಾ, ನೀರು ನುಗ್ಗುತೈತೆ."

ವಾಲ್ವನ್ನು ಮತ್ತೆ ಮುಚ್ಚಿ ಇಳಿದು ಬರುವಷ್ಟರಲ್ಲಿ ಅಡುಗೆಮನೆಯ ನೆಲವೆಲ್ಲ ನೀರು. ನಲ್ಲಿ ಗೋಡೆಯಿಂದ ಕಿತ್ತು ಬಂದು ಪಾತ್ರೆಗಳ ನಡುವೆ ಬಿದ್ದಿತ್ತು. ರಾಗಿಹಿಟ್ಟಿನ ಡಬ್ಬಿಯೊಳಗೂ ನೀರು ಹೋಗಿತ್ತು. ಅತ್ತೆ ಸೀರೆ ಎತ್ತಿ ಕಟ್ಟಿಕೊಂಡು ನೀರನ್ನು ಹೊರಗೆ ಗುಡಿಸುತ್ತಿದ್ದರು. ನಾನು ನಲ್ಲಿಯನ್ನು ಎತ್ತಿಕೊಂಡು ಮತ್ತೆ ಕೂರಿಸಲು ನೋಡಿದೆ. ಸ್ಪ್ಯಾನರ್ ಕೈಯಿಂದ ಜಾರಿ ಬಿತ್ತು. ಎತ್ತಿಕೊಂಡೆ, ಮತ್ತೆ ಜಾರಿತು. ಅಪ್ಪ ಕಲಿಸಿದ ಹಿಡಿತ ತಲೆಯಲ್ಲಿತ್ತು, ಕೈಯಲ್ಲಿರಲಿಲ್ಲ.

ಅತ್ತೆ ಪೊರಕೆಯನ್ನು ಗೋಡೆಗೆ ಒರಗಿಸಿ ಹತ್ತಿರ ಬಂದರು. ನನ್ನ ಕೈಯನ್ನು ತಮ್ಮ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು, ಬೆರಳಿನಿಂದ ಸವರಿ ನೋಡಿದರು.

"ಇಲ್ಯಾಕೆ ಹಿಂಗೆ ಗುಂಡಿ ಬಿದ್ದೈತೆ?"

ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ, ಕೈಯ ಹಿಂಭಾಗದಲ್ಲಿ ಇರಬೇಕಾದ ಮಾಂಸದ ಉಬ್ಬು ಇರಲಿಲ್ಲ. ಎಡಗೈಯನ್ನು ಪಕ್ಕದಲ್ಲಿಟ್ಟು ನೋಡಿದೆ. ಎಡಗೈ ನನ್ನದಾಗಿತ್ತು. ಬಲಗೈ ಕಾಯಿಲೆಯಿಂದ ಎದ್ದ ಯಾರೋ ಮುದುಕಿಯ ಕೈಯ ಹಾಗಿತ್ತು. ದಿನವಿಡೀ ಕಣ್ಣ ಮುಂದೆಯೇ, ಕೀಬೋರ್ಡಿನ ಮೇಲೆಯೇ ಇದ್ದ ಕೈಯನ್ನು ನಾನು ನೋಡಿರಲಿಲ್ಲ. ನೆನೆದ ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಅತ್ತೆ, "ಏನೂ ಆಗಲ್ಲ ಏಳು, ನಾಳೆ ತೋರ್ಸು" ಎಂದರು. ಅವರ ದನಿಯಲ್ಲೂ ಹೆದರಿಕೆ ಇತ್ತು.

ಮರುದಿನ ಯಜಮಾನರಿಗೆ ರಜೆ ಸಿಗಲಿಲ್ಲ. ವಿಷಯ ಕೇಳಿದ ಪಕ್ಕದ ಗೆಳತಿ, "ನಾನ್ ಬತ್ತೀನಕ್ಕ, ನೀವೊಬ್ರೇ ಸ್ಕೂಟರ್ ಓಡಿಸ್ಬೇಡಿ" ಎಂದು ತನ್ನ ಗಾಡಿಯಲ್ಲಿ ನನ್ನನ್ನು ನರರೋಗದ ವೈದ್ಯರ ಬಳಿ ಕರೆದೊಯ್ದಳು. ಅವರು ಮಾತಿಗೆ ತಮಿಳು, ಕನ್ನಡ ಎರಡನ್ನೂ ಬೆರೆಸುವ ವೈದ್ಯರು. ಒಂದು ಕಾಗದದ ಚೂರನ್ನು ನನ್ನ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಇಟ್ಟು, ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದರು. ಹಿಡಿದುಕೊಂಡೆ. ಅವರು ಮೆಲ್ಲನೆ ಎಳೆದರು, ಕಾಗದ ಅವರ ಕೈಗೆ ಹೋಯಿತು. ಮತ್ತೆ ಕೊಟ್ಟರು, ಮತ್ತೆ ಎಳೆದುಕೊಂಡರು. ಆಮೇಲೆ ನನ್ನ ಮೊಣಕೈಯ ಒಳಬದಿಯನ್ನು ಬೆರಳಿನಿಂದ ತಟ್ಟಿದರು. ಕಿರುಬೆರಳಿನ ತುದಿಯವರೆಗೆ ಕರೆಂಟ್ ಹೊಡೆದ ಹಾಗಾಯಿತು.

"ತೊಂದರೆ ಬೆರಳಲ್ಲಿಲ್ಲ, ಮಣಿಕಟ್ಟಲ್ಲೂ ಇಲ್ಲ. ಇಲ್ಲಿ, ಮೊಣಕೈ ಹತ್ತಿರ ನರ ಒತ್ತಿಕೊಂಡಿದೆ. ಕೂತಾಗ ಮೊಣಕೈಯನ್ನ ಮೇಜಿನ ಅಂಚಿಗೆ ಊರ್ತೀರಾ?" ಎಂದು ಕೇಳಿದರು.

ಊರುತ್ತಿದ್ದೆ. ಎಷ್ಟೋ ವರ್ಷಗಳಿಂದ ಹಾಗೇ ಕೂರುತ್ತಿದ್ದೆ. ಕೈ ಮಡಚಿ ತಲೆಯ ಕೆಳಗಿಟ್ಟು ಮಲಗುತ್ತಲೂ ಇದ್ದೆ.

ಆಗ ನನ್ನ ಪಕ್ಕ ಕೂತಿದ್ದವಳು ಬಾಯಿ ಬಿಟ್ಟಳು. "ಡಾಕ್ಟ್ರೇ, ಇವ್ರು ಪ್ಲಾಂಕ್ ಮಾಡ್ತಿದ್ರು. ಮೊಣಕೈ ಊರ್ಕೊಂಡು. ನಾನೇ ಹೇಳ್ಕೊಟ್ಟಿದ್ದು."

ವೈದ್ಯರು ಬರೆಯುತ್ತಿದ್ದ ಪೆನ್ನನ್ನು ನಿಲ್ಲಿಸಿ ಅವಳನ್ನು ನೋಡಿದರು. "ಅದರಿಂದಲೇ ಬಂತು ಅಂತ ಹೇಳೋಕಾಗಲ್ಲ. ಆದರೆ ಒಳ್ಳೇದೇನೂ ಮಾಡಿರಲ್ಲ" ಎಂದು, ಮತ್ತೆ ನನ್ನ ಕಡೆ ತಿರುಗಿ, "ಸ್ವಲ್ಪ ಮೊದಲೇ ಬಂದಿದ್ದರೆ ಮಾಂಸ ಇಷ್ಟು ಇಳೀತಿರಲಿಲ್ಲ" ಎಂದರು.

ಅವರು ಅದನ್ನು ನನಗೆ ಹೇಳಿದ್ದು. ಕೇಳಿಸಿಕೊಂಡವಳು ಅವಳು. ವಾಪಸು ಬರುವಾಗ ದಾರಿಯುದ್ದಕ್ಕೂ ಅವಳು ಗಾಡಿಯನ್ನು ಎಂದಿಗಿಂತ ನಿಧಾನವಾಗಿ ಓಡಿಸಿದಳು. ಕಾರ್ಖಾನೆಯ ಬಸ್ಸುಗಳು ಸಾಲಾಗಿ ನಿಂತ ಸಿಗ್ನಲಿನಲ್ಲಿ ಹಿಂದಿನಿಂದ ಅವಳ ಬೆನ್ನನ್ನು ನೋಡುತ್ತಿದ್ದೆ. ಏನಾದರೂ ಹೇಳಬೇಕು ಎನ್ನಿಸಿತು. ಆದರೆ ಆ ಹೊತ್ತಿಗೆ ನನಗೆ ನನ್ನ ಕೈಯದೇ ಚಿಂತೆ.

ನರದ ಪರೀಕ್ಷೆಯಲ್ಲಿ ಕೈಗೆ ಅಲ್ಲಲ್ಲಿ ಕರೆಂಟ್ ಕೊಟ್ಟು ನೋಡಿದರು. ಮೊಣಕೈ ದಾಟುವಾಗ ಅದು ಸೊರಗಿಬಿಡುತ್ತಿತ್ತು. ಆಪರೇಷನ್ ಆಗಲೇಬೇಕಾಯಿತು. ಮೊಣಕೈಯ ಒಳಬದಿಯಲ್ಲಿ ಕೊಯ್ದು ನರವನ್ನು ಬಿಡಿಸಿದರು. ಇನ್ನು ನರ ತನ್ನ ಪಾಡಿಗೆ ತಾನು ಚೇತರಿಸಿಕೊಂಡು ಬೆರಳಿನವರೆಗೆ ಬರಬೇಕು, ಅದು ತುಂಬಾ ನಿಧಾನ, ಕಳೆದದ್ದೆಲ್ಲ ಬರುತ್ತದೆ ಎಂದು ನಂಬಿಕೊಂಡು ಕೂರಬೇಡಿ ಎಂದರು ವೈದ್ಯರು.

ಕೈಗೆ ಬ್ಯಾಂಡೇಜು ಕಟ್ಟಿಕೊಂಡು ಮನೆಯಲ್ಲಿದ್ದ ದಿನಗಳಲ್ಲಿ ನನ್ನ ಜಡೆಯನ್ನು ಯಜಮಾನರು ಹಾಕುತ್ತಿದ್ದರು. ಅತ್ತೆಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಇವರು ಫೋನಿನಲ್ಲಿ ವಿಡಿಯೋ ಹಾಕಿ ಮುಂದಿಟ್ಟುಕೊಂಡು, ಕೂದಲನ್ನು ಮೂರು ಪಾಲು ಮಾಡಿ, ಕೇಬಲ್ ಹೆಣೆಯುವ ಹಾಗೆ ಎಳೆದೆಳೆದು ಹೆಣೆಯುತ್ತಿದ್ದರು. ಮಧ್ಯಾಹ್ನದೊಳಗೆ ಬಿಚ್ಚಿಹೋಗುತ್ತಿತ್ತು. "ನೀನು ಹೇಳ್ಲಿಲ್ಲ. ಕಷ್ಟ ಆಯ್ತೈತೆ ಅಂತ ಒಂದು ಸಲಾನೂ ಹೇಳ್ಲಿಲ್ಲ" ಎಂದರು ಒಂದು ದಿನ, ಹಿಂದೆ ನಿಂತುಕೊಂಡು. ಹೇಳಿದ್ದೆನಲ್ಲ ಎನ್ನಲು ಹೋದೆ. ನೆನಪು ಮಾಡಿಕೊಂಡರೆ, ಹೇಳಿದ್ದು ಆಫೀಸಿನ ಟೆರೇಸಿನಲ್ಲಿ. ಮನೆಯಲ್ಲಿ ನಕ್ಕು ಸುಮ್ಮನಾಗಿದ್ದೆ.

ಕೆಲಸಕ್ಕೆ ಮರಳಿದಾಗ ಆಫೀಸು ಬೇರೆಯಾಗಿತ್ತು. ಗೆಳತಿ ತನ್ನ ಕುರ್ಚಿಯನ್ನು ಕಿಟಕಿಯ ಕಡೆ ಸಾಗಿಸಿಕೊಂಡಿದ್ದಳು. ಅಲ್ಲಿ ಬೆಳಕು ಚೆನ್ನಾಗಿದೆ ಎಂದಳು. ಅಣ್ಣ ನನ್ನ ಕೈಯನ್ನು ನೋಡಿ, "ನಾನು ಆ ಕೀ ಎಲ್ಲ ಮಾಡಿಕೊಡದೆ ಇದ್ದಿದ್ರೆ ನೀವು ಬೇಗ ಹೋಗ್ತಿದ್ರೋ ಏನೋಮ್ಮಾ" ಎಂದು ಒಂದೇ ಒಂದು ಸಲ ಹೇಳಿ, ಆಮೇಲೆ ಆ ಮಾತನ್ನು ಎತ್ತಲಿಲ್ಲ. ಟೆರೇಸಿನಲ್ಲಿ ಟೀ ಕುಡಿದು ಎಲ್ಲರೂ ಬೇಗ ಇಳಿದುಬಿಡುತ್ತಿದ್ದರು. ವಾಟ್ಸಾಪ್ ಗುಂಪಿನಲ್ಲಿ ಬಸ್ಸು ತಡ, ರಜೆ ಬೇಕು, ಸರ್ವರ್ ನಿಂತಿದೆ, ಇಷ್ಟೇ. ಹೊಸದಾಗಿ ಸೇರಿದ ಒಬ್ಬರು ಸೊಂಟ ನೋವಿಗೆ ಯಾವ ಕುರ್ಚಿ ಒಳ್ಳೆಯದು ಎಂದು ಅದರಲ್ಲಿ ಕೇಳಿದ್ದರು. ಎಲ್ಲರೂ ಓದಿದ ಗುರುತಿತ್ತು. ಒಬ್ಬರೂ ಉತ್ತರ ಬರೆದಿರಲಿಲ್ಲ.

ಅದು ನನಗೆ ತಡೆಯಲಾಗಲಿಲ್ಲ. ನನ್ನ ಒಂದು ಕೈಯಿಂದ ಇಷ್ಟು ಜನರ ಬಾಯಿ ಕಟ್ಟಿಹೋಯಿತಲ್ಲ ಎನ್ನಿಸಿತು. ಅದರ ಜೊತೆಗೆ ಒಂದು ಕಡೆ ಸಿಟ್ಟೂ ಇತ್ತು. ಇವರೆಲ್ಲ ತಮ್ಮ ತಮ್ಮ ಬೇಸರದಲ್ಲಿ ಮುಳುಗಿದರೆ ಅವರನ್ನು ಸಮಾಧಾನ ಮಾಡುವ ಕೆಲಸವೂ ನನ್ನದೇ ಏನು ಎಂದು.

ಕೆಲವು ವಾರ ಹೀಗೇ ಹೋಯಿತು. ಒಂದು ಬೆಳಗ್ಗೆ ಗೆಳತಿ ಆಫೀಸಿನ ಬಾತ್‌ರೂಮಿನಲ್ಲಿ ದೊಡ್ಡ ಬಾಟಲಿಗಳಿಗೆ ನೀರು ತುಂಬಿಸುತ್ತಿದ್ದಳು. ಏನೆಂದು ಕೇಳಿದೆ. ಬಾಗಲೂರಿನ ಹತ್ತಿರ ಅವಳೂ ಅವಳ ತಾಯಿಯೂ ಬಾಡಿಗೆಗಿರುವ ಮನೆಯಲ್ಲಿ ಸಂಪಿನ ಮೋಟರ್ ಓಡುತ್ತದೆ, ನೀರು ಮೇಲೇರುವುದಿಲ್ಲ, ರಿಪೇರಿಯವನು ಬರುತ್ತೇನೆ ಎಂದವನು ಬಂದಿಲ್ಲ, ತಾಯಿ ಬಿಂದಿಗೆಯಲ್ಲಿ ಸೇದಿ ಹೊರುತ್ತಿದ್ದಾರೆ ಎಂದಳು. ಮೊದಲಾಗಿದ್ದರೆ ನೀರು ನಿಂತ ಗಳಿಗೆಯಲ್ಲೇ ನನಗೆ ಫೋಟೋ ಕಳಿಸಿರುತ್ತಿದ್ದಳು.

"ನಂಗ್ಯಾಕೆ ಹೇಳ್ಲಿಲ್ಲ?"

"ನಿಮ್ಗೆ ಕೈ ಆಗಲ್ವಲ್ಲಕ್ಕ."

"ಬಾಯಿ ಆಯ್ತದಲ್ಲ" ಎಂದೆ.

ಆ ಭಾನುವಾರ ಯಜಮಾನರು ನನ್ನನ್ನು ಅವಳ ಮನೆಗೆ ಬಿಟ್ಟು ಹೋದರು. ಸಂಪಿನ ಪಕ್ಕ ಮೋಟರ್ ಇತ್ತು. ಮೊದಲು ಮೇನ್ ಸ್ವಿಚ್ ಆರಿಸಲು ಹೇಳಿದೆ. ನಾನು ಒಂದು ಕಲ್ಲಿನ ಮೇಲೆ ಕೂತೆ, ಅವಳು ಸ್ಪ್ಯಾನರ್ ಹಿಡಿದಳು. ಪಂಪಿನ ಮೇಲಿನ ಬಿರಡೆಯನ್ನು ತೋರಿಸಿ ಬಿಚ್ಚಲು ಹೇಳಿದೆ. ಜಿಮ್ಮಿನ ತೋಳು, ಒಂದೇ ಏಟಿಗೆ ಬಿಚ್ಚಿಕೊಂಡಿತು. ಒಳಗೆ ನೀರಿರಲಿಲ್ಲ, ಗಾಳಿ ತುಂಬಿತ್ತು. ಚೊಂಬಿನಿಂದ ನೀರು ಹೊಯ್ದರೆ ನಿಲ್ಲದೆ ಇಳಿದುಹೋಗುತ್ತಿತ್ತು. ಹಾಗಾದರೆ ಪೈಪಿನ ತುದಿಯಲ್ಲಿ, ಸಂಪಿನೊಳಗೆ ಇರುವ ಫುಟ್ ವಾಲ್ವ್ ಮುಚ್ಚಿಕೊಳ್ಳುತ್ತಿಲ್ಲ ಎಂದರ್ಥ. ಪೈಪನ್ನು ಮೇಲೆಳೆಯಲು ಹೇಳಿದೆ. ವಾಲ್ವಿನ ಬಾಯಲ್ಲಿ ಪ್ಲಾಸ್ಟಿಕ್ ಚೀಲದ ತುಂಡೊಂದು ಸಿಕ್ಕಿಕೊಂಡಿತ್ತು.

ಅದನ್ನು ಬೆರಳಿನಿಂದ ಕೀಳುತ್ತಾ, ನನ್ನ ಕಡೆ ನೋಡದೆ ಅವಳು ಕೇಳಿದಳು. "ನೀವ್ಯಾಕಕ್ಕ ನನ್ನ ಬೈಲಿಲ್ಲ?"

ಏನೂ ಆಗಿಲ್ಲ ಬಿಡು ಎನ್ನಬಹುದಿತ್ತು. ಅವಳ ಮುಖ ನೋಡಿ ಹಾಗೆ ಹೇಳಲು ಮನಸ್ಸು ಬರಲಿಲ್ಲ. "ಕೋಪ ಬಂದಿತ್ತು. ಬಂದಿರ್ಲಿಲ್ಲ ಅಂದ್ರೆ ಸುಳ್ಳಾಯ್ತದೆ. ಆದ್ರೆ ಕೇಳ್ದೋಳು ನಾನೇ ಅಲ್ವಾ. ನೀನು ಚಾಪೆ ಹಾಸ್ಕೊಂಡು ನನ್ ಜೊತೆ ಮಾಡ್ದೆ. ಅಷ್ಟು ಯಾರು ಮಾಡ್ತಾರೆ?"

"ಅವತ್ತಿಂದ ಜಿಮ್ಮಲ್ಲೂ ಯಾರಾದ್ರೂ ಏನಾದ್ರೂ ಕೇಳಿದ್ರೆ ನಂಗ್ ಗೊತ್ತಿಲ್ಲ ಅಂದ್ಬುಡ್ತೀನಿ. ನಮ್ಮಮ್ಮ ಮಂಡಿ ನೋವು ಅಂದ್ರೂ ಅಷ್ಟೇ. ಹೇಳಿದ್ಮೇಲೆ ಏನಾದ್ರೂ ಆಗ್ಬುಟ್ರೆ?"

"ಹೇಳು, ಜೊತೆಗೆ ಡಾಕ್ಟ್ರಿಗೆ ತೋರ್ಸೋಕೂ ಹೇಳು. ಸುಮ್ನೆ ಮಾತ್ರ ಇರ್ಬೇಡ" ಎಂದಷ್ಟೇ ಅಂದೆ. ಅವಳು ಪೈಪನ್ನು ಸಂಪಿಗೆ ಇಳಿಸಿದಳು. ನೀರು ಹೊಯ್ದು ಬಿರಡೆ ಬಿಗಿದಳು. ಕೈ ಒರೆಸಿಕೊಂಡು ಸ್ವಿಚ್ ಹಾಕಿದಳು. ಮೋಟರಿನ ಸದ್ದು ಬದಲಾಯಿತು. ಸ್ವಲ್ಪ ಹೊತ್ತಿಗೆ ಟೆರೇಸಿನ ಟ್ಯಾಂಕಿಗೆ ನೀರು ಬೀಳುವುದು ಕೇಳಿಸಿತು. ಅವಳ ತಾಯಿ ಒಳಗಿನಿಂದ ಬಂದು ನಮ್ಮಿಬ್ಬರನ್ನೂ ನೋಡಿ, ಕಾಫಿ ಮಾಡಲು ಹೋದರು. ಗೆಳತಿ ಸಂಪಿನ ಮುಚ್ಚಳದ ಮೇಲೆ ಕೂತು, ಮಣ್ಣಾದ ಕೈಯಲ್ಲೇ ಕಣ್ಣೊರೆಸಿಕೊಂಡಳು.

ಅವಳು ತನ್ನ ಕುರ್ಚಿಯನ್ನು ಮತ್ತೆ ನನ್ನ ಪಕ್ಕಕ್ಕೆ ತರಲಿಲ್ಲ. ಆದರೆ ಟೀ ಹೊತ್ತಿಗೆ ಟೆರೇಸಿನ ಮೇಲೆ ನಿಲ್ಲುತ್ತಾಳೆ. ಸೊಂಟ ನೋವಿನವರಿಗೆ ಕೊನೆಗೂ ಉತ್ತರ ಕೊಟ್ಟಳು. ಅದರಲ್ಲಿ ಕುರ್ಚಿಗಿಂತ ವೈದ್ಯರ ಮಾತೇ ಹೆಚ್ಚಿತ್ತು.

ನನ್ನ ಕೈಯಲ್ಲಿ ಆ ಗುಂಡಿ ಅರ್ಧ ತುಂಬಿದೆ. ಕೀ ತಿರುಗಿಸುತ್ತೇನೆ, ಕ್ಲಿಪ್ಪು ಒತ್ತುತ್ತೇನೆ. ಕಿರುಬೆರಳಿನ ತುದಿಗೆ ಬಿಸಿ ಲೋಟ ಮುಟ್ಟಿದರೆ ಈಗಲೂ ತಿಳಿಯುವುದಿಲ್ಲ. ಇತ್ತೀಚೆಗೆ ಕಂಪನಿಯವರು, ನಾವು ಕೇಳಿದ ಕೋಡನ್ನು ತಾನೇ ಬರೆದುಕೊಡುವ ಹೊಸ ಎಐ ಸಾಧನವನ್ನು ಎಲ್ಲರ ಎಡಿಟರಿಗೂ ಹಾಕಿಸಿದ್ದಾರೆ. ನಿಮ್ಮ ಕೈಗೆ ಒಳ್ಳೆಯದಾಯಿತು ಎಂದು ಎಲ್ಲರೂ ಹೇಳುತ್ತಾರೆ. ಹೌದು, ಟೈಪ್ ಮಾಡುವುದು ಕಡಿಮೆಯಾಗಿದೆ. ಅದು ಬರೆದ ಸಾಲುಗಳನ್ನು ಓದಿ ತಪ್ಪು ಹುಡುಕುವುದು ನನ್ನ ಕೆಲಸವಾಗಿದೆ. ಕೈ ಸರಿಹೋಗುವಷ್ಟರಲ್ಲಿ ಕೈಗೆ ಮಾಡಲು ಕೆಲಸ ಉಳಿದಿರುತ್ತದೆಯೇ ಎಂಬ ಯೋಚನೆ ಬಂದಾಗ ಎದ್ದು ಒಂದು ಸುತ್ತು ಓಡಾಡಿ ಬರುತ್ತೇನೆ.

ಹಾಗೆ ಓಡಾಡುವಾಗಲೇ ಮೊನ್ನೆ ಅಣ್ಣನನ್ನು ಮೆಟ್ಟಿಲ ಮೇಲೆ ನೋಡಿದೆ. ಅರ್ಧದಲ್ಲಿ ನಿಂತು, ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡು ಉಸಿರು ತಿರುಗಿಸಿಕೊಳ್ಳುತ್ತಿದ್ದರು. ಹಣೆಯಲ್ಲಿ ಬೆವರಿತ್ತು.

"ಏನಾಯ್ತಣ್ಣಾ?"

"ಒನ್ನುಮಿಲ್ಲಮ್ಮಾ. ಗ್ಯಾಸು. ಬೆಳಗ್ಗೆ ವಡೆ ತಿಂದ್ಬಿಟ್ಟೆ."

"ಎಷ್ಟು ದಿನದಿಂದ?"

ಅವರು ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡರು. ಓಮದ ನೀರು ಕುಡಿಯಿರಿ ಎಂಬ ಮಾತು ನನ್ನ ನಾಲಿಗೆಯವರೆಗೆ ಬಂದಿತ್ತು, ನುಂಗಿಕೊಂಡೆ. ಅವರನ್ನು ಅಲ್ಲೇ ಮೆಟ್ಟಿಲ ಮೇಲೆ ಕೂರಿಸಿ ಗೆಳತಿಯನ್ನು ಕೂಗಿದೆ. ಅವಳು ಒಂದು ನೋಟ ನೋಡಿ ಕೆಳಗಿಳಿದು ಆಟೋ ನಿಲ್ಲಿಸಿದಳು. ಅಣ್ಣ ಬೇಡ ಬೇಡ ಎನ್ನುತ್ತಲೇ ಹತ್ತಿದರು. ಆಸ್ಪತ್ರೆಯಲ್ಲಿ ಅವರ ಎದೆಗೆ ವೈರುಗಳನ್ನು ಅಂಟಿಸುವಾಗ ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಹೃದಯದ ರಕ್ತನಾಳದಲ್ಲಿ ಅಡಚಣೆ ಇರುವ ಹಾಗಿದೆ, ಇವತ್ತು ಇಲ್ಲೇ ಇರಲಿ ಎಂದರು ಅಲ್ಲಿನ ವೈದ್ಯರು. ಗೆಳತಿ ಅಣ್ಣನ ಮನೆಯವರಿಗೆ ಫೋನು ಮಾಡಿ, ತನಗೆ ಬರುವಷ್ಟು ತಮಿಳಿನಲ್ಲಿ ನಿಧಾನವಾಗಿ ವಿಷಯ ತಿಳಿಸಿದಳು. ಕೃಷ್ಣಗಿರಿಯಿಂದ ಅವರು ಬಂದು ಸೇರುವವರೆಗೆ ನಾವು ಅಲ್ಲೇ ಇದ್ದೆವು.